ಬಾಣಂತಿ ಖಾರದೊಳಗೆ ಕ್ಷಯದ ಗುಳಿಗೆ

ಮದ್ದು ಬಂದ ಮೇಲೂ ಕ್ಷಯದಿಂದ ಜನ ಯಾಕೆ ಸಾಯುತ್ತಿದ್ದರು? ಕ್ಷಯ ವಿಭಾಗದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಹೆಚ್ಚಿನವರು ಥಟ್ಟನೆ, “ಅಜ್ಞಾನ ಮೇಡಂ” ಅನ್ನುತ್ತಾರೆ. ಆಗ ನಿವೃತ್ತಿ ಗಿವೃತ್ತಿ ಎಲ್ಲ ಮರೆತು ನಾನು ಸೆರಗು ಬಿಗಿದು ಕೂರುತ್ತೇನೆ. ಯಾರ ಅಜ್ಞಾನ? ಸಾಬೀತುಮಾಡಿ ನೋಡೋಣ. ಇನ್ನೊಬ್ಬರ ತಲೆಯಲ್ಲಿ ಏನಿದೆ ಎಂದು ಹುಡುಕುವ ಶ್ರಮ ತಪ್ಪಿಸಿಕೊಳ್ಳಲು ‘ಅಜ್ಞಾನ’ಕ್ಕಿಂತ ಒಳ್ಳೆಯ ನೆಪ ಈ ಭಾಷೆಯಲ್ಲಿ ಇನ್ನೊಂದಿಲ್ಲ.

ನನಗೆ ಈ ವಾದದ ಚಟ ಹಾಸನದ ಕಾಲೇಜಿನಲ್ಲಿ ಹತ್ತಿತ್ತು. ಚರ್ಚಾಸ್ಪರ್ಧೆಯಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ನಾನೇ ಹೊಡೆದುಹಾಕುತ್ತಿದ್ದೆ. ದೇವರು, ಜಾತಕ, ಹಲ್ಲಿ ನುಡಿಯುವುದು, ಯಾವುದನ್ನೂ ನಂಬುತ್ತಿರಲಿಲ್ಲ. “ಇವಳ ಬಾಯಿಗೆ ಗಂಡು ಸಿಗೋದಿಲ್ಲ” ಎಂದು ಮನೆಯಲ್ಲಿ ಕೈಬಿಟ್ಟಿದ್ದ ಹೊತ್ತಿಗೆ, ಅರವತ್ತರ ದಶಕದ ಶುರುವಿನಲ್ಲಿ, ಜಿಲ್ಲೆಯ ಕ್ಷಯ ವಿಭಾಗದಲ್ಲಿ ಹೆಲ್ತ್ ವಿಸಿಟರ್ ಕೆಲಸ ಸಿಕ್ಕಿತು. ಹಳ್ಳಿಗೆ ಹೋಗುವುದು, ರೋಗಿಯ ಮನೆ ಹುಡುಕುವುದು, ಗುಳಿಗೆ ನುಂಗುತ್ತಿದ್ದಾರೋ ಇಲ್ಲವೋ ನೋಡುವುದು, ಮನೆಯಲ್ಲಿ ಇನ್ನಾರಾದರೂ ಕೆಮ್ಮುತ್ತಿದ್ದರೆ ಕಫ ತರುವುದು.

ಆ ಕಾಲ ಎಂಥದು ಅಂತ ನಿಮಗೆ ಹೇಗೆ ಹೇಳಲಿ! ಅದಕ್ಕೆ ಸ್ವಲ್ಪ ಮೊದಲು ಕ್ಷಯ ಅಂದರೆ ಸ್ಯಾನಟೋರಿಯಂ. ಅಲ್ಲಿ ಹಾಸಿಗೆ ಖಾಲಿಯಾಗುವವರೆಗೆ ಕಾಯಬೇಕು, ಅದು ಹೇಗೆ ಖಾಲಿಯಾಗುತ್ತದೆ ಎಂಬುದು ಕಾಯುತ್ತಿದ್ದವರಿಗೆಲ್ಲ ಗೊತ್ತು. ನಾನು ಸೇರುವ ವೇಳೆಗೆ ಹೊಸ ಕ್ರಮ ಬಂದಿತ್ತು. ರೋಗಿ ಮನೆಯಲ್ಲೇ ಇರಲಿ, ಕೂಲಿಗೂ ಹೋಗಲಿ, ಗುಳಿಗೆ ಮಾತ್ರ ವರ್ಷದ ಮೇಲೆ ಬಿಡದೆ ನುಂಗಲಿ, ರೋಗ ವಾಸಿಯಾಗುತ್ತದೆ! ಎಕ್ಸ್‌ರೇಗಾಗಿ ದೂರ ಹೋಗುವುದೂ ಬೇಡ. ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ. ನೀಲಿ ಬಯಲಿನಲ್ಲಿ ಸಣ್ಣ ಕೆಂಪು ಕಡ್ಡಿಗಳು. ಮೊದಲ ಸಲ ಅವನ್ನು ಕಂಡ ದಿನ ನಾನು ಊಟ ಮರೆತಿದ್ದೆ. ದೆವ್ವ ಅಲ್ಲ, ಶಾಪ ಅಲ್ಲ, ಪೂರ್ವಜನ್ಮದ ಪಾಪ ಅಲ್ಲ, ಇಗೋ, ಇದು! ಸಂದೇಹವಾದಿಗೆ ಅದಕ್ಕಿಂತ ದೊಡ್ಡ ಹಬ್ಬ ಯಾವುದು?

ಆ ಹುರುಪಿನಲ್ಲೇ ಹಳ್ಳಿಗೆ ಇಳಿದೆ. ಇಳಿದ ಮೊದಲ ವಾರವೇ ಬೂವನಹಳ್ಳಿಯ ಒಬ್ಬ ಮುದುಕ ಅರ್ಧಕ್ಕೇ ಗುಳಿಗೆ ಬಿಟ್ಟು ಕೂತಿದ್ದ.

“ಯಾಕಜ್ಜ ಬಿಟ್ಟೆ?”

“ಕೆಮ್ಮು ನಿಂತೋಯ್ತಲ್ಲವ್ವ. ಮಳೆ ನಿಂತ್ ಮ್ಯಾಲೂ ಕೊಡೆ ಬಿಚ್ಕಂಡು ತಿರುಗ್ತಾರಾ?”

ನನ್ನ ಬಳಿ ಉತ್ತರ ಸಿದ್ಧವಿತ್ತು. “ಮೇಲೆ ಉರಿ ಆರಿದರೂ ಬೂದಿಯೊಳಗೆ ಕೆಂಡ ಇರೋದಿಲ್ಲವಾ ಅಜ್ಜ? ಗಾಳಿ ಬೀಸಿದರೆ ಮತ್ತೆ ಹತ್ತಿಕೊಳ್ಳೋದಿಲ್ಲವಾ?” ಅಂದೆ. ಮುದುಕ ತೊಡೆ ತಟ್ಟಿ ನಕ್ಕ. “ಭೇಷ್! ಚೆಂದಾಗಿ ಏಳ್ದೆ ಕಣವ್ವ” ಅಂದ. ನೆರೆಯವರನ್ನು ಕರೆದು ಇನ್ನೊಂದು ಸಲ ಹೇಳಿಸಿದ. ಗುಳಿಗೆ ಮಾತ್ರ ಮುಟ್ಟಲಿಲ್ಲ. ವಾದ ಗೆದ್ದೆ, ರೋಗಿ ಹೋದ. ಇಂಥ ಗೆಲುವುಗಳನ್ನು ಆ ವರ್ಷ ಬೇಕಾದಷ್ಟು ಸಂಪಾದಿಸಿದೆ.

ಈಗ ಸಾಕಮ್ಮನ ವಿಷಯಕ್ಕೆ ಬರುತ್ತೇನೆ. ನಾನು ಕಲಿತದ್ದೆಲ್ಲ ಅವಳೊಬ್ಬಳಿಂದ ಬಂದದ್ದು.

ಹೊಳೆನರಸೀಪುರದ ಹತ್ತಿರದ ಒಂದು ಹಳ್ಳಿಯ ಸೊಸೆ ಸಾಕಮ್ಮ. ಗಂಡ ರಂಗ, ಬೇರೆಯವರ ಆಲೂಗಡ್ಡೆ ಹೊಲದಲ್ಲಿ ಕೂಲಿ. ಚೊಚ್ಚಲ ಬಸುರಿಯಾಗಿದ್ದಾಗಲೇ ಕಫದಲ್ಲಿ ಕ್ರಿಮಿ ಸಿಕ್ಕಿತ್ತು. ಹುಡುಗಿ ಚುರುಕು, ಗುಳಿಗೆ ತಪ್ಪಿಸುತ್ತಿರಲಿಲ್ಲ, ಜ್ವರ ಇಳಿದಿತ್ತು, ಮುಖದಲ್ಲಿ ಕಳೆ ಬಂದಿತ್ತು. ನನ್ನ ರೋಗಿಗಳಲ್ಲಿ ಇವಳು ಮೊದಲ ದರ್ಜೆ ಎಂದು ಬೀಗುತ್ತಿದ್ದೆ. ಒಂದು ದಿನ ಹೋದರೆ ಮನೆಯಲ್ಲಿ ಅವಳಿಲ್ಲ. ಅತ್ತೆ ನಂಜಮ್ಮ ಮೊರದಲ್ಲಿ ರಾಗಿ ಕೇರುತ್ತ, ನನ್ನತ್ತ ನೋಡದೆಯೇ ಹೇಳಿದಳು: “ಎರಿಗೆಗೆ ತವರಿಗೆ ಓದ್ಲು, ಎರಿಗೇನೂ ಆಯ್ತು. ಅರಕಲಗೂಡ್ ಕಡೆ. ಇನ್ನೇನಿದ್ರೂ ಅವ್ರವ್ವನ್ನ ಕೇಳ್ಕಾ. ಬಾಣಂತನ ಮುಗಿಯಗಂಟ ನಮ್ಗೂ ಅವ್ಳಿಗೂ ಸಂಬಂದಿಲ್ಲ.”

ಅಲ್ಲಿ ಗುಳಿಗೆ ಯಾರು ಕೊಡುತ್ತಾರೆ? ಅರಕಲಗೂಡಿನ ಬಸ್ಸು ಹಿಡಿದೆ.

ಆ ಮನೆಯ ಬಾಗಿಲಲ್ಲಿ ಒಬ್ಬಳು ಗಟ್ಟಿ ಹೆಂಗಸು ಒರಳಲ್ಲಿ ಮೆಣಸು, ಶುಂಠಿ, ಹಿಪ್ಪಲಿ ಕುಟ್ಟುತ್ತಿದ್ದಳು. ಘಾಟಿಗೆ ನನಗೆ ಸೀನೇ ಬಂತು. ಸಾಕಮ್ಮನ ತಾಯಿ ಪುಟ್ಟಮ್ಮ. ಹೊಗೆಸೊಪ್ಪಿನ ಹೊಲದ ಕೂಲಿ; ಬಿಡುವಾದಾಗ ಊರಿನ ಅರ್ಧ ಹೆಂಗಸರ ಬಾಣಂತನ ಅವಳದೇ.

“ಯಾರವ್ವಾ ನೀನು? ಬಾಣ್ತಿ ಮನೆ ಇದು. ಕಾಲ್ ತೊಳ್ಕಂಡು ಬಾ.”

“ನಾನು ಕ್ಷಯದ ಆಸ್ಪತ್ರೆಯಿಂದ...”

“ಮೆತ್ತಗ್ ಏಳವ್ವ! ಊರಿಗೆಲ್ಲ ಟಾಂಟಾಂ ಒಡೀಬ್ಯಾಡ. ಒಳೀಕೆ ಬಾ.”

ಒಳಗೆ ಕತ್ತಲು. ಗಾಳಿ ತಾಗದಿರಲಿ ಎಂದು ಕಿಟಕಿಗೆ ಗೋಣಿತಾಟು ತುರುಕಿತ್ತು, ಸಾಂಬ್ರಾಣಿ ಹೊಗೆ ಕವಿದಿತ್ತು. ತಲೆಗೂ ಕಿವಿಗೂ ಬಟ್ಟೆ ಸುತ್ತಿಕೊಂಡ ಸಾಕಮ್ಮ ಹೆಣ್ಣು ಕೂಸಿಗೆ ಹಾಲೂಡಿಸುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ನಗು ಮುಗಿಯುವ ಮೊದಲೇ ಕೆಮ್ಮು ಬಂತು.

“ಗುಳಿಗೆ ಎಲ್ಲಿ?” ಅಂದೆ.

“ಅಟ್ಟದ್ ಮ್ಯಾಲವೆ,” ಅಂದಳು ಪುಟ್ಟಮ್ಮ. “ಅಸಿಬಾಣ್ತಿಗೆ ಇಂಗ್ಲೀಸ್ ಮದ್ದು ಕೊಟ್ರೆ ಎದೆಆಲು ಕೆಡ್ತದೆ. ಮೈಯಲ್ಲಿ ನಂಜಾಯ್ತದೆ.”

ನಾನು ಶುರುಮಾಡಿದೆ. ಕಾಲೇಜಿನ ವೇದಿಕೆಯಲ್ಲೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಕ್ರಿಮಿ ಏನು, ಅದು ತಾಯಿಯ ಕೆಮ್ಮಿನಿಂದ ಕೂಸಿಗೆ ಹೇಗೆ ದಾಟುತ್ತದೆ, ಅರ್ಧಕ್ಕೆ ಬಿಟ್ಟರೆ ಅದೇ ಗುಳಿಗೆ ಮುಂದೆ ಹೇಗೆ ನಾಟುವುದಿಲ್ಲ, ಎಲ್ಲ ಹೇಳಿದೆ. ಪುಟ್ಟಮ್ಮ ಒನಕೆ ಊರಿಕೊಂಡು ಪೂರ್ತಿ ಕೇಳಿದಳು. ಅದಾದ ಮೇಲೆ ಸರದಿ ಅವಳದು.

“ಮುಗೀತಾ? ನೀನ್ ಏಳಿದ್ದೆಲ್ಲ ನಿಜ್ವೇ ಇರ್ಬೌದು. ಒಂದ್ ಮಾತು ಕೇಳ್ತೀನಿ. ನಿನ್ ಮದ್ದಿಗೆ ಪಥ್ಯ ಏನು?”

“ಪಥ್ಯವೇ ಇಲ್ಲ!” ಅಂದೆ ಹೆಮ್ಮೆಯಿಂದ. ಹೊಸ ಕ್ರಮದ ಹೆಚ್ಚುಗಾರಿಕೆಯೇ ಅದಾಗಿತ್ತು.

“ಕುಂಬ್ಳಕಾಯಿ ತಿನ್ಬೌದಾ?”

“ಹೂಂ.”

“ಬದ್ನೇಕಾಯಿ?”

“ತಿನ್ನಬಹುದು.”

“ಗಂಡನ್ ತಾವ ಮನೀಕಬೌದಾ?”

ಮದುವೆಯಾಗದ ಹುಡುಗಿ ನಾನು, ಚೀಲದೊಳಗೆ ಏನೋ ಹುಡುಕತೊಡಗಿದೆ. ಸಾಕಮ್ಮ ಸೆರಗಿನಲ್ಲಿ ನಗುತ್ತಿದ್ದಳು.

“ಅಂಗಾರೆ ಅದು ಮದ್ದಲ್ಲ ಕಣವ್ವ, ಪೆಪ್ಪರ್‌ಮೆಂಟು! ನಮ್ ಪಂಡಿತ ಸೊಪ್ಪು ಅರೆದು ಕೊಟ್ರೂ ಉಪ್ಪು ಬಿಡು, ಉಳಿ ಬಿಡು ಅಂತಾನೆ. ಯಾಕೆ? ಮದ್ದಿಗೆ ಅಷ್ಟು ಶಕ್ತಿ ಐತೆ. ನಿನ್ ಗುಳಿಗೆಗೆ ಏನ್ ತಿಂದ್ರೂ ಆಯ್ತದೆ ಅಂದ್ಮೇಲೆ, ಅದ ತಿಂದ್ರೇನು ಬಿಟ್ರೇನು?”

ನ್ಯಾಯವಾಗಿ ಹೇಳಬೇಕೆಂದರೆ ಆ ವಾದದಲ್ಲಿ ತೂತು ಇರಲಿಲ್ಲ. ಅವಳ ಮೊದಲ ಮಾತನ್ನು ಒಪ್ಪಿದರೆ ಕೊನೆಯ ಮಾತು ತಾನಾಗಿ ಬರುತ್ತದೆ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳು ಥಟ್ಟನೆ ಎದ್ದು ನಿಂತುಬಿಟ್ಟೆ, ಪಕ್ಕದವಳು “ಇಳೀಬೇಕಾ?” ಅಂದಳು. ನನಗೆ ಹೊಳೆದದ್ದು ಇಷ್ಟು: “ಏನು ಬೇಕಾದರೂ ತಿನ್ನಿ, ಪಥ್ಯವಿಲ್ಲ” ಎಂದು ಊರೂರಿಗೆ ಸಾರುತ್ತ, ನಮ್ಮ ಮದ್ದಿಗೆ ಬಲವಿಲ್ಲ ಎಂದು ನಾವೇ ಪ್ರಚಾರ ಮಾಡುತ್ತಿದ್ದೆವು! ಇಲ್ಲಿ ಅಜ್ಞಾನ ಯಾರದು, ನೀವೇ ಹೇಳಿ.

ಹಾಸನಕ್ಕೆ ಬಂದು ನಮ್ಮ ವೈದ್ಯಾಧಿಕಾರಿಗಳ ಮುಂದೆ ನಿಂತೆ. ಒಳ್ಳೆಯವರು, ಶಿಸ್ತಿನವರು, ಆದರೆ ಹಳೆಯ ಸ್ಯಾನಟೋರಿಯಂ ಕಾಲದವರು. ಸಾಕಮ್ಮ ಗುಳಿಗೆ ಬಿಟ್ಟದ್ದು ಕೇಳಿದ್ದೇ ಅವರ ಮುಖ ಗಂಟಾಯಿತು.

“ನೋಡಮ್ಮಾ, ತಾಯಿ ಗುಳಿಗೆ ತಿನ್ನದಿದ್ದರೆ ಕೂಸನ್ನು ಅವಳ ಹತ್ತಿರ ಬಿಡೋಕಾಗಲ್ಲ. ಬಾಣಂತನ ಮುಗಿಯೋ ಹೊತ್ತಿಗೆ ಕಫ ತಂದು ತೋರಿಸು. ಕ್ರಿಮಿ ಇದ್ದರೆ ಅವಳನ್ನ ಸ್ಯಾನಟೋರಿಯಂಗೆ ಕಳಿಸ್ತೀನಿ, ಮಗುವನ್ನ ಬೇರೆಯವರು ಸಾಕಲಿ.”

“ಬೇರೆ ಯಾರು ಸಾರ್? ಕೂಲಿ ಮಾಡುವ ಮನೆಯಲ್ಲಿ ಎದೆಹಾಲಿಲ್ಲದ ಕೂಸು ಎಷ್ಟು ದಿನ ಬದುಕುತ್ತೆ?”

“ಅದಕ್ಕೇ ಹೇಳ್ತಿರೋದು. ಗುಳಿಗೆ ತಿನ್ನಿಸು. ನಿನಗೆ ಬಾಯಿ ಇದೆಯಲ್ಲ!”

ಇದು ಪಂದ್ಯ. ತಾಯಿ ಮಗಳು ಒಟ್ಟಿಗೆ ಉಳಿಯಬೇಕಾದರೆ ಗುಳಿಗೆ ಹೊಟ್ಟೆಗೆ ಹೋಗಬೇಕು, ಹೋಗಬೇಕಾದರೆ ಪುಟ್ಟಮ್ಮ ಒಪ್ಪಬೇಕು.

ಪಥ್ಯವಿದೆ ಎಂದು ಸುಳ್ಳು ಹೇಳಿಬಿಡಬಹುದಿತ್ತು. ಕುಂಬಳಕಾಯಿ ಬೇಡ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಳ್ಳಿನ ವಿರುದ್ಧ ಇಷ್ಟು ಕೂಗಿದವಳು ನಾನು, ನನ್ನ ಬಾಯಿಂದಲೇ ಹೊಸ ಮೂಢನಂಬಿಕೆ ಹುಟ್ಟಿಸಲೇ? ಚರ್ಚೆಯಲ್ಲಿ ಒಂದು ಪಟ್ಟು ಇದೆ: ಎದುರಾಳಿಯ ಮೊದಲ ಮಾತನ್ನು ಒಪ್ಪಿಕೊಂಡು, ಅಲ್ಲಿಂದ ನಿನ್ನ ದಾರಿ ಹಿಡಿ. ಪಥ್ಯ ಅಂದರೆ ಏನು? ಮದ್ದು ನಾಟಬೇಕಾದರೆ ತಪ್ಪದೆ ಪಾಲಿಸಬೇಕಾದ ಕಟ್ಟಳೆ. ನಮ್ಮ ಮದ್ದಿಗೆ ಅಂಥ ಕಟ್ಟಳೆ ಇಲ್ಲವೇ? ಇವೆ, ಒಂದೊಂದೂ ನಿಜ, ಒಂದೊಂದೂ ಕಠಿಣ! ನಾವು ಅವನ್ನು ಪಥ್ಯ ಎಂದು ಕರೆದಿರಲಿಲ್ಲ, ಅಷ್ಟೇ.

ಮತ್ತೆ ಅರಕಲಗೂಡಿಗೆ ಹೋದೆ. ಈ ಸಲ ಕಾಲು ತೊಳೆದೇ ಒಳಗೆ ಕಾಲಿಟ್ಟೆ.

“ಪುಟ್ಟಮ್ಮ, ಮೊನ್ನೆ ತಪ್ಪು ಹೇಳಿದೆ. ಈ ಮದ್ದಿಗೆ ಪಥ್ಯ ಇದೆ. ನಿಮ್ಮ ಪಂಡಿತನ ಪಥ್ಯಕ್ಕಿಂತ ಬಿಗಿ.”

ಅವಳು ಕುಟ್ಟುವುದನ್ನು ನಿಲ್ಲಿಸಿದಳು. “ಏಳು ಮತ್ತೆ.”

“ಒಂದು ದಿನವೂ ತಪ್ಪಬಾರದು. ಹಬ್ಬ ಬರಲಿ, ಸೂತಕ ಬರಲಿ, ಕೆಮ್ಮು ನಿಂತೇ ಹೋಗಲಿ, ತಪ್ಪಿದರೆ ಮದ್ದು ನಾಟೋದಿಲ್ಲ. ಉಗುಳಿದ್ದು ನೆಲಕ್ಕೆ ಬೀಳಬಾರದು, ಬೂದಿ ಹಾಕಿದ ಡಬ್ಬಿಗೇ ಉಗುಳಿ ಸುಡಬೇಕು. ಕೂಸಿಗೆ ಹಾಲು ಕೊಡುವಾಗ ತಲೆಗೆ ಕಟ್ಟಿದ ಬಟ್ಟೆಯ ತುದಿ ಬಾಯಿ ಮೂಗಿಗೂ ಬರಬೇಕು. ಮತ್ತೆ, ಆ ಕಿಟಕಿಯ ಗೋಣಿತಾಟು ತೆಗೀಬೇಕು.”

ಪುಟ್ಟಮ್ಮ ಒಂದೊಂದಕ್ಕೂ ತಲೆಯಾಡಿಸುತ್ತ ಬಂದಳು, ಕಿಟಕಿಗೆ ಬಂದಾಗ ನಿಂತಳು. “ಕಿಟ್ಕಿ ಆಗಾಕಿಲ್ಲ. ಸೀತ ಒಡೀತದೆ.”

“ಅದೂ ಪಥ್ಯವೇ.”

“ಮಿಕ್ಕಿದ್ದೆಲ್ಲ ಮಾಡ್ತೀನಿ. ಕಿಟ್ಕಿ ಮುಟ್ಟಾಕಿಲ್ಲ ಅಂದ್ರೆ ಮುಟ್ಟಾಕಿಲ್ಲ.”

ಆಮೇಲೂ ಎಷ್ಟೋ ಸಲ ಆ ಕಿಟಕಿಗಾಗಿ ಕಾದಾಡಿದೆ; ಒಂದು ಸಲವೂ ಗೆಲ್ಲಲಿಲ್ಲ. ಆದರೆ ಅಂದು ಅಟ್ಟದ ಮೇಲಿನ ಗುಳಿಗೆ ಕೆಳಗಿಳಿಯಿತು. ಯಾವಾಗ ಕೊಡುವುದು ಎಂದು ನಾನು ಹೇಳುವ ಮೊದಲೇ ಪುಟ್ಟಮ್ಮ ತೀರ್ಮಾನಿಸಿದ್ದಳು: “ಬೆಳಿಗ್ಗೆ ಬಾಣ್ತಿಗೆ ಕಾರದುಂಡೆ ಕೊಡ್ತೀನಲ್ಲ, ಅದ್ರ ಜತೇಲೇ ಕೊಟ್ಬುಡ್ತೀನಿ. ಮದ್ದೂ ಮದ್ದೂ ಒಂದೇ ಸಲಕ್ಕೆ ಓಗ್ಲಿ.”

ಅಯ್ಯೋ, ಇಷ್ಟು ದಿನ ಇದು ಯಾರಿಗೂ ಕಾಣಲಿಲ್ಲವಲ್ಲ! ಬೆಲ್ಲ, ತುಪ್ಪ, ಬೆಳ್ಳುಳ್ಳಿ ಹಾಕಿ ಕಟ್ಟಿದ ಆ ಖಾರದ ಉಂಡೆಯನ್ನು ಈ ಸೀಮೆಯ ಯಾವ ಬಾಣಂತಿಯಾದರೂ ತಪ್ಪಿಸಿದ್ದುಂಟೇ? ಮನೆಯಲ್ಲಿ ರಾಗಿ ಇಲ್ಲದಿದ್ದರೂ ಅದಿರುತ್ತದೆ. ತಾಯಿ ಕೈಯಾರೆ ಕೊಡುತ್ತಾಳೆ, ಮಗಳು ನುಂಗುವವರೆಗೆ ಎದುರಿಗೆ ಕೂತಿರುತ್ತಾಳೆ, ಗಂಟಲಿಗೆ ಇಳಿಯಿತೋ ಇಲ್ಲವೋ ನೋಡುತ್ತಾಳೆ. ನಮ್ಮ ಇಲಾಖೆ ಜೀಪು ಓಡಿಸಿ ಮಾಡಿಸಲಾಗದೆ ಸೋತಿದ್ದ ಕೆಲಸ ಮನೆಮನೆಯಲ್ಲೂ ದಿನಾ ಬೆಳಿಗ್ಗೆ ತಪ್ಪದೆ ನಡೆಯುತ್ತಿತ್ತು!

ಮುಂದಿನ ಸಲ ಕುಣಿಯುತ್ತ ಹೋದೆ. ಗುಳಿಗೆ ಡಬ್ಬಿ ತೆರೆದು ನೋಡಿದರೆ ಖಾಲಿ. ಇನ್ನೂ ಬಹಳ ದಿನಕ್ಕೆ ಬರಬೇಕಾಗಿದ್ದ ಗುಳಿಗೆಗಳು.

“ಪುಟ್ಟಮ್ಮ! ಗುಳಿಗೆ ಎಲ್ಲಿ?”

“ಅಲ್ಲೇ ಅವಲ್ಲ,” ಎಂದು ಒಲೆ ಮೇಲಿನ ಮಡಕೆ ತೋರಿಸಿದಳು. “ದಿನಾ ಒಂದೊಂದ್ ತೆಗ್ದು ಕೊಡಾದು ಯಾಕೆ ಅಂತ ಎಲ್ಲಾನೂ ಕಾರದ್ ಜತೆ ಕುಟ್ಬುಟ್ಟೆ. ಒಳ್ಳೆ ಅದವಾಗ್ ಬಂದದೆ, ನೋಡು!”

ಮಡಕೆಯ ತುಂಬ ಕಪ್ಪಗೆ ಹೊಳೆಯುವ ಉಂಡೆಗಳು. ಯಾವುದರಲ್ಲಿ ಎಷ್ಟು ಮದ್ದು, ದೇವರಿಗೂ ಗೊತ್ತಿಲ್ಲ. ನಾನಂತೂ ದೇವರನ್ನು ನಂಬುವವಳಲ್ಲ. ಸಾಲದ್ದಕ್ಕೆ ಸಾಕಮ್ಮ ಒಳಗಿನಿಂದ ಕೂಗಿದಳು: “ಪಕ್ಕದ್ ಮನೆ ಬಾಣ್ತಿಗೂ ನಾಕುಂಡೆ ಕೊಟ್ಟವ್ಳೆ ಕಣಕ್ಕ!” ಖಾರ ಮಾಡಿದರೆ ನೆರೆಯ ಬಾಣಂತಿಗೆ ಹಂಚುವುದು ಆ ಊರಿನ ರೂಢಿ. ನಾನು ಪಕ್ಕದ ಮನೆಗೆ ಓಡಿದೆ. ಆ ಬಾಣಂತಿ ಒಂದುಂಡೆ ತಿಂದು, ಕಹಿ ಎಂದು ಮಿಕ್ಕಿದ್ದನ್ನು ಎತ್ತಿಟ್ಟಿದ್ದಳು. ಅವಳಿಗೇನೂ ಆಗಿರಲಿಲ್ಲ. ಉಂಡೆ ಇಸಿದುಕೊಂಡು ಬಂದು ಪುಟ್ಟಮ್ಮನ ಮೇಲೆ ಕೂಗಾಡಿದೆ. ಅವಳೂ ಕೂಗಾಡಿದಳು.

“ಬೆರೆಸ್ಬಾರ್ದು ಅಂತ ನಿನ್ ಪಥ್ಯದಲ್ಲಿ ಏಳಿದ್ಯಾ ನೀನು?”

ಹೇಳಿರಲಿಲ್ಲ. ಇಬ್ಬರೂ ಕೂತು ಹೊಸ ಒಪ್ಪಂದ ಮಾಡಿಕೊಂಡೆವು: ಉಂಡೆ ಬೇರೆ, ಗುಳಿಗೆ ಬೇರೆ, ಕೊಡುವ ಗಳಿಗೆಯಲ್ಲಿ ಮಾತ್ರ ಇಡೀ ಗುಳಿಗೆಯನ್ನು ಉಂಡೆಯೊಳಗೆ ಒತ್ತಿ ಕೊಡುವುದು.

ಹಾಸನದಲ್ಲಿ ಹೊಸ ಗುಳಿಗೆ ಕೇಳಿದಾಗ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸರ್ಕಾರದ ಗುಳಿಗೆಯನ್ನ ಒರಳಲ್ಲಿ ಕುಟ್ಟಿದರು, ಅದೂ ಬೆಳ್ಳುಳ್ಳಿ ಜೊತೆ. ಇದೇನು ಕ್ಷಯ ಚಿಕಿತ್ಸೆಯೋ ಉಪ್ಪಿನಕಾಯಿಯೋ?”

“ಸಾರ್, ನಿಮ್ಮ ಬೇರೆ ರೋಗಿಗಳ ಗುಳಿಗೆ ಅಟ್ಟದ ಮೇಲೆ ಕೊಳೀತಿದೆ. ಇದು ಹೊಟ್ಟೆಗಾದರೂ ಹೋಗಿದೆ. ಯಾವುದು ವಾಸಿ?”

ಅವರು ಗುಳಿಗೆ ಬರೆದುಕೊಟ್ಟರು. ಕಾಗದ ಕೈಗಿಡುತ್ತ, “ಕಫ ಮಾತಾಡಲಿ. ನೀನು ಮಾತಾಡಿದ್ದು ಸಾಕು,” ಅಂದರು.

ಬಾಣಂತನ ಮುಗಿಯುವ ಹೊತ್ತಿಗೆ ಕಫದ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಜನ ಕಿಕ್ಕಿರಿದಿತ್ತು. ಕಂಡಕ್ಟರ್, “ಏನಕ್ಕ ಅಷ್ಟು ಜೋಪಾನವಾಗಿ ಇಡ್ಕಂಡಿದೀಯ, ತುಪ್ಪಾನಾ?” ಅಂದ. “ಕಫ, ಕ್ಷಯದ್ದು” ಅಂದೆ. ಹಾಸನದವರೆಗೆ ಇಡೀ ಸೀಟು ನನ್ನದಾಯಿತು.

ಪರೀಕ್ಷೆಗೆ ಸಾಹೇಬರೇ ಕೂತರು. ಕಣ್ಣು ಕೊಳವೆಗೆ ಅಂಟಿಸಿ ಗಾಜನ್ನು ಅತ್ತಿತ್ತ ಸರಿಸುತ್ತಾ ಹೋದರು. ನಾನು ಉಗುರು ಕಚ್ಚುತ್ತಿದ್ದೆ. ಎಲ್ಲೋ ಒಂದು ಕೆಂಪು ಕಡ್ಡಿ ಸಿಕ್ಕಿಬಿಟ್ಟರೆ ಆ ಕೂಸು ತಾಯಿಯ ಮಡಿಲಿಂದ ಹೋಯಿತು. ಅವರು ಎರಡನೆಯ ಗಾಜು ಇಟ್ಟರು, ಮೂರನೆಯದು ಇಟ್ಟರು. ಕೊನೆಗೆ ಎದ್ದು ಕುರ್ಚಿ ನನಗೆ ಬಿಟ್ಟುಕೊಟ್ಟರು. “ನೀನೇ ನೋಡು. ನನ್ನ ಮಾತು ನೀನು ನಂಬೋದಿಲ್ಲವಲ್ಲ.”

ನೋಡಿದೆ. ಈ ಅಂಚಿನಿಂದ ಆ ಅಂಚಿಗೆ ನೀಲಿಯೇ ನೀಲಿ. ಕೂಗಿದೆನಂತೆ, ಪಕ್ಕದ ಕೋಣೆಯವರು ಓಡಿಬಂದದ್ದು ನೆನಪಿದೆ.

“ಆಯ್ತು, ಮಗು ತಾಯಿ ಹತ್ರಾನೇ ಇರಲಿ,” ಅಂದರು ಸಾಹೇಬರು. “ಆದರೆ ಇನ್ನೂ ಬಹಳ ತಿಂಗಳು ಗುಳಿಗೆ ಇದೆ. ಗಂಡನ ಮನೇಲಿ ಖಾರದುಂಡೆ ಯಾರು ಕೊಡ್ತಾರಮ್ಮ?”

ಅವರ ಪ್ರಶ್ನೆ ಸರಿಯಾಗಿತ್ತು. ಚಿಕಿತ್ಸೆ ಹರಿದುಹೋಗುವುದು ಇಂಥ ದಾಟುವ ಜಾಗಗಳಲ್ಲೇ, ಈ ಮನೆಯಿಂದ ಆ ಮನೆಗೆ, ಈ ತಾಲ್ಲೂಕಿನಿಂದ ಆ ತಾಲ್ಲೂಕಿಗೆ. ಇದನ್ನು ಹೊಸಬರು ಬರೆದಿಟ್ಟುಕೊಳ್ಳಬೇಕು. ಮುಂದೆ ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿಗೆ ನನ್ನನ್ನು ಹಾಕಿದಾಗ ಪ್ರತಿ ಮನೆಯಲ್ಲೂ ನಾನು ಕೇಳುತ್ತಿದ್ದ ಮೊದಲ ಮಾತೇ ಇದು: ಬೆಳಿಗ್ಗೆ ಎದ್ದರೆ ನಿನ್ನ ಕೈಗೆ ಏನಾದರೂ ಕೊಡುವವರು ಯಾರು? ಒಬ್ಬನಿಗೆ ಹೆಂಡತಿಯ ಕಾಫಿ, ಒಬ್ಬಳಿಗೆ ನಾದಿನಿ ಮಡಿಸಿ ಕೊಡುವ ಎಲೆಅಡಿಕೆ. ಆ ಕೈ ಸಿಕ್ಕಿದರೆ ಗುಳಿಗೆಗೆ ದಾರಿ ಸಿಕ್ಕಿದ ಹಾಗೆ.

ಸಾಕಮ್ಮನನ್ನು ಗಂಡನ ಮನೆಗೆ ಕಳಿಸುವ ದಿನ ಪುಟ್ಟಮ್ಮ ನನ್ನನ್ನೂ ಕರೆದಳು. “ನಾನ್ ಎಣ್ಣು ಎತ್ತೋಳು. ಬೀಗ್ತಿಗೆ ಬುದ್ದಿ ಏಳಾಕ್ ಓದ್ರೆ ಮರ್ಯಾದೆ ಇರಾಕಿಲ್ಲ. ನಿನ್ ಬಾಯಿ ಬೇಕು ಇವತ್ತು, ಬಾ.” ದಾರಿಯುದ್ದಕ್ಕೂ ನಂಜಮ್ಮನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಆರತಿ ಎತ್ತಿ ಒಳಗೆ ಕರೆದರು. ನೆರೆಯ ಹೆಂಗಸರೆಲ್ಲ ಕೂಸು ನೋಡಲು ನೆರೆದಿದ್ದರು. ಪುಟ್ಟಮ್ಮ ಗುಳಿಗೆ ತೆಗೆದು ನಂಜಮ್ಮನ ಮುಂದಿಟ್ಟು ಪಥ್ಯವನ್ನೆಲ್ಲ ಹೇಳಿದಳು. ನಂಜಮ್ಮ ಕೈ ಚಾಚಲಿಲ್ಲ.

“ನಿನ್ ಮಗ್ಳು ಇನ್ನೂ ಬಾಣ್ತೀನಾ ಬೀಗ್ತಿ? ದಿನಾ ಬೆಳಿಗ್ಗೆ ನಾನು ಸೊಸೆ ಮುಂದೆ ಕೂತು ಬಾಯಿಗಿಡ್ಬೇಕಾ? ಚೆನ್ನಾಗದೆ ಕತೆ!”

ಹೆಂಗಸರು ಕಿಸಕ್ಕೆಂದರು. ಸಾಕಮ್ಮ ತಲೆ ಬಗ್ಗಿಸಿ ಕೂಸನ್ನು ಬಿಗಿಯಾಗಿ ಹಿಡಿದುಕೊಂಡಳು. ಪುಟ್ಟಮ್ಮ ನನ್ನತ್ತ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಹಟ್ಟಿಯಂಗಳದಲ್ಲಿ ಕಾಲು ತೊಳೆಯುತ್ತಿದ್ದ ರಂಗ ಒಳಗೆ ಬಂದ. ನೆಲದ ಮೇಲಿದ್ದ ಗುಳಿಗೆಯ ಡಬ್ಬಿ ಎತ್ತಿಕೊಂಡು, ಒಂದನ್ನು ತೆಗೆದು, ಅಷ್ಟೂ ಹೆಂಗಸರ ಎದುರಿಗೆ ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಬಾಯಿ ತೆಗಿ,” ಅಂದ.

“ಲೋ ರಂಗ! ನಾಚ್ಕೆ ಆಗಾಕಿಲ್ವೇನ್ಲಾ?” ಎಂದು ತಾಯಿ ಕಿರುಚಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು, “ಅಂಗೇ ಕೂಸಿಗೆ ಎದೆಆಲೂ ನೀನೇ ಕುಡಿಸ್ಲಾ!” ಅಂದಳು.

ರಂಗನ ಕಿವಿ ಕೆಂಪಾಗಿತ್ತು. ಆದರೆ ಚಾಚಿದ ಕೈ ಹಿಂದಕ್ಕೆ ಬರಲಿಲ್ಲ. ಸಾಕಮ್ಮ ಸುತ್ತ ಒಮ್ಮೆ ನೋಡಿ, ಬಾಯಿ ತೆರೆದಳು. ಅವಳು ನುಂಗಿ ನೀರು ಕುಡಿಯುವವರೆಗೆ ಅವನು ಅಲ್ಲೇ ಕೂತಿದ್ದ.

ಚಿಕಿತ್ಸೆ ಮುಗಿಯುವವರೆಗೆ ಊರು ಅವನನ್ನು ಛೇಡಿಸುತ್ತಲೇ ಇತ್ತು. ಅವನು ಕೊಡುತ್ತಲೇ ಇದ್ದ. ಕಡೆಯ ಪರೀಕ್ಷೆಯಲ್ಲೂ ಗಾಜು ಬರೀ ನೀಲಿ. ನಾನು ಜೋಡಿಸಿಕೊಂಡು ಹೋಗಿದ್ದ ವಾದದಲ್ಲಿ ಒಂದಕ್ಷರವನ್ನೂ ಅಂದು ಆಡಬೇಕಾಗಿ ಬರಲಿಲ್ಲ.